ಅಕ್ಕನ ಬಕೆಟ್ಟು

ಹೆಣ್ಣುಕುದುರೆ ಬಕೆಟ್ಟಿನೊಳಗೆ ಮೂತಿ ಇಳಿಸಿ ಮೂಸಿತು. ಬುಸ್ಸೆಂದು ಗಾಳಿ ಬಿಟ್ಟು ಹಿಂದೆ ಸರಿಯಿತು.

"ತಿನ್ನುತ್ತೆ, ತಿನ್ನುತ್ತೆ. ಮೊದಲು ವಾಸನೆ ಪರಿಚಯ ಆಗಲಿ," ಎಂದ ಬಕೆಟ್ ಹಿಡಿದಿದ್ದ ಗಂಡ. ಹಿಂದಿನ ಎರಡು ಓಟಗಳಲ್ಲೂ ಅವನು ಇದೇ ಮಾತು ಹೇಳಿದ್ದ. ಪರಿಚಯ ಇನ್ನೂ ಆಗುತ್ತಲೇ ಇತ್ತು.

ಬೆಳಗ್ಗೆ ಹೊರಟು ಗುಡ್ಡ, ಹಳ್ಳ, ಕಲ್ಲುಹಾದಿ ದಾಟಿ ಸಂಜೆಗೆ ಮುಗಿಯುವ ದೂರದ ಓಟ ಅದು. ಇದು ಕೊನೆಯ ತಂಗುದಾಣ. ಇಲ್ಲಿ ಕುದುರೆಗಳು ತಿಂದು ಕುಡಿದು ಸುಧಾರಿಸಿಕೊಂಡ ಮೇಲೆ ಡಾಕ್ಟರು ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಾರೆ. ಒಳಗೆ ಗುಡುಗುಡು ಅಂದರೆ ಮುಂದೆ ಹೋಗಬಹುದು, ಸದ್ದಿಲ್ಲದಿದ್ದರೆ ಲಾರಿ ಹತ್ತಬೇಕು. ಈ ಕುದುರೆ ಎರಡು ಸಲವೂ ಲಾರಿ ಹತ್ತಿತ್ತು. ಮೂರನೆಯ ಸಲವೂ ಹಾಗಾದರೆ ಮಾರಿಬಿಡುವುದೇ ಸೈ, ಅದರ ತಳಿಯೇ ಸರಿಯಿಲ್ಲ ಎಂದು ಗಂಡ ತೀರ್ಪು ಕೊಟ್ಟು ಗಿರಾಕಿಯನ್ನೂ ಗೊತ್ತುಮಾಡಿದ್ದ. ಅದು ಮರಿಯಾಗಿದ್ದಾಗಿನಿಂದ ಸಾಕಿದವಳು ಹೆಂಡತಿ. ಅದನ್ನು ಮಾರುವುದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ.

ಸವಾರಿ ಅವಳದು, ಕುದುರೆಯ ಅಡುಗೆ ಅವನದು. ಹತ್ತಿ ಕೂರು ಅಂದರೆ ಅವನಿಗೆ ಕುದುರೆ ಕಂಡ ಕೂಡಲೇ ಕಾಲುನೋವು. ಓಟದ ಬಯಲಿನಲ್ಲಿ ಎಲ್ಲರೂ ಅವನನ್ನು 'ಪ್ರೊಫೆಸರ್' ಎನ್ನುತ್ತಿದ್ದರು, ಅದನ್ನು ಅವನು ಬಿರುದೆಂದೇ ತಿಳಿದಿದ್ದ. ವಿಷಯ ತೀರ ಸರಳ. ಸಕ್ಕರೆ ಹಿಂಡಿ ತೆಗೆದ ಬೀಟ್ ಗೆಡ್ಡೆಯ ಒಣ ಚರಟವನ್ನು ನೀರಿನಲ್ಲಿ ನೆನೆಹಾಕಿದರೆ ಅದು ಅರಳಿಕೊಳ್ಳುತ್ತದೆ. ಅದನ್ನು ತಿಂದ ಕುದುರೆ ಹೊಟ್ಟೆಯಲ್ಲೇ ನೀರಿನ ಕೊಡ ಹೊತ್ತುಕೊಂಡು ಓಡುತ್ತದೆ. ಆದರೆ ಇಷ್ಟಕ್ಕೇ ಮುಗಿದರೆ ಪ್ರೊಫೆಸರನಿಗೇನು ಕೆಲಸ? ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರಲೆಂದು ಹಿಡಿ ಉಪ್ಪು ಬೆರೆಸಿದ. ಉಪ್ಪು ಗೊತ್ತಾಗದಿರಲೆಂದು ವಿನೆಗರ್ ಸುರಿದ. ವಿನೆಗರ್ ಗೊತ್ತಾಗದಿರಲೆಂದು ಬೆಳ್ಳುಳ್ಳಿ ಪುಡಿ ಉದುರಿಸಿದ. ಮೊದಲ ಓಟದಲ್ಲಿ ಕುದುರೆ ಮೂಗು ಮುರಿದಾಗ ಉಪ್ಪು ಕಮ್ಮಿಯಾಯಿತು ಎಂದುಕೊಂಡು ಎರಡನೆಯದಕ್ಕೆ ಜಾಸ್ತಿ ಮಾಡಿದ. ಈ ಸಲವಂತೂ ಕೈ ಧಾರಾಳವಾಗಿತ್ತು.

"ಬರೀ ನೀರಲ್ಲಿ ನೆನೆಸಿದ್ದು ಒಂಚೂರಾದ್ರೂ ಇಲ್ವಾ ರೀ?"

"ಉಪ್ಪಿಗಿಂತ ರುಚಿ ಇಲ್ಲ ಅಂತ ಗಾದೇನೇ ಇದೆಯಲ್ಲೇ."

"ಗಾದೆ ನಮಗೆ ಗೊತ್ತು. ಕುದುರೆಗೆ ಯಾರು ಹೇಳೋರು?"

ಈಗ ಹೊಸದಾಗಿ ನೆನೆಹಾಕಲು ಹೊತ್ತಿರಲಿಲ್ಲ. ಒಣಹುಲ್ಲು ಹಿಡಿದರೆ ಕುದುರೆ ಎರಡು ಸಲ ಅಗಿದು ಕೆಳಗೆ ಬಿಟ್ಟಿತು. ವಿನೆಗರ್ ಕಮ್ಮಿಯಾಗಿರಬೇಕು ಎಂದು ಪ್ರೊಫೆಸರ್ ಲಾರಿಯ ಕಡೆ ಓಡಿದ.

ಪಕ್ಕದ ಮರದಡಿ ಅವನ ಅಕ್ಕ ತನ್ನ ಮುದಿ ಕುದುರೆಗೆ ತಿನ್ನಿಸುತ್ತಿದ್ದಳು. ಅವಳೂ ಈ ಓಟದ ಸವಾರಳೇ. ಇದೊಂದು ಓಟ ಮುಗಿಸಿದರೆ ಈ ಕುದುರೆಯ ಋಣ ತೀರಿತು, ಆಮೇಲೆ ಆರಾಮಾಗಿ ಮೇಯಲು ಬಿಡುತ್ತೇನೆ ಎಂದು ವರ್ಷದಿಂದ ಹೇಳಿಕೊಂಡು ಬಂದಿದ್ದಳು. ಅವಳ ಸೀಳುಬಿಟ್ಟ ಬಕೆಟ್ಟಿನಲ್ಲಿ ಬೀಟ್ ಚರಟ ಮತ್ತು ನೀರು, ಅಷ್ಟೇ. ಹೆಣ್ಣುಕುದುರೆ ಹಗ್ಗ ಜಗ್ಗಿ ಅತ್ತ ಕತ್ತು ಚಾಚಿತು. ಅಕ್ಕ ಅದರ ಒಳಗೆ ಹೋದ ಪಕ್ಕೆಗಳನ್ನು ನೋಡಿದಳು, ತಮ್ಮನ ಹೆಂಡತಿಯ ಮುಖ ನೋಡಿದಳು. ಮುದಿ ಕುದುರೆ ಇನ್ನೂ ಎರಡು ಬಾಯಿ ತಿಂದಿತ್ತಷ್ಟೆ. ಅದರ ಮೂತಿಯಡಿಯಿಂದ ಬಕೆಟ್ ಎಳೆದು ಇತ್ತ ತಳ್ಳಿದಳು.

"ಅತ್ತಿಗೆ, ನಿಮ್ಮದಕ್ಕೆ?"

"ಇವನು ಹಳೇ ಹುಲಿ, ಹುಲ್ಲು ತಿಂದ್ಕೋತಾನೆ ಬಿಡು. ಬೇಗ ತಿನ್ನಿಸು, ನನ್ನ ತಮ್ಮ ಬಂದು ಇದಕ್ಕೂ ಏನಾದ್ರೂ ಬೆರೆಸೋದರೊಳಗೆ."

ಪ್ರೊಫೆಸರ್ ಬಾಟಲಿ ಹಿಡಿದು ಬರುವಷ್ಟರಲ್ಲಿ ಡಾಕ್ಟರು ಹೆಣ್ಣುಕುದುರೆಯ ಬೆನ್ನು ತಟ್ಟಿ ಮುಂದೆ ಬಿಟ್ಟಿದ್ದರು. ಅವನ ಬಕೆಟ್ ಇಟ್ಟಲ್ಲೇ ತುಂಬಿಕೊಂಡು ಕೂತಿತ್ತು. ಅವನು ಅದನ್ನೂ ನೋಡಿದ. ನೋಡಿ, ವಾಸನೆಯಲ್ಲೇ ಇಷ್ಟು ಶಕ್ತಿ ಇದ್ದರೆ ತಿಂದಿದ್ದರೆ ಹೇಗಿರುತ್ತಿತ್ತು ಎಂದು ಪಕ್ಕದವರಿಗೆ ವಿವರಿಸಿದ.

ಮುದಿ ಕುದುರೆ ಹುಲ್ಲು ತಿನ್ನಲಿಲ್ಲ. ಡಾಕ್ಟರು ಎರಡೂ ಪಕ್ಕೆಗೆ ಕಿವಿಗೊಟ್ಟು ಅಡ್ಡಡ್ಡ ತಲೆಯಾಡಿಸಿದರು. ಅಕ್ಕ ಜೀನು ಇಳಿಸಿ ಅದನ್ನು ಲಾರಿಯ ಕಡೆ ನಡೆಸಿದಳು.

ಸಂಜೆ ಹೆಣ್ಣುಕುದುರೆ ಓಟ ಮುಗಿಸಿತು. ಮಾರುವ ಮಾತನ್ನು ಗಂಡ ಅಲ್ಲೇ ವಾಪಸ್ ತೆಗೆದುಕೊಂಡ. ಇಂಥ ತಳಿ ಇನ್ನೆಲ್ಲಿ ಸಿಗುತ್ತದೆ ಎಂದ. ತಾನು ಬೆರೆಸಿದ್ದರ ಅಳತೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳಿ, ಕೊನೆಗೆ ಅಕ್ಕನ ಬಳಿ ಬಂದು ಮರುಕಪಟ್ಟ.

"ಬರೀ ನೀರಲ್ಲಿ ನೆನೆಸಿದರೆ ಹೀಗೇ ಆಗೋದು ಅಕ್ಕಾ. ಮುಂದಿನ ಸಲ ನನ್ನನ್ನ ಒಂದು ಮಾತು ಕೇಳು."

"ಇವನಿಗೆ ಮುಂದಿನ ಸಲ ಇಲ್ಲ ಕಣೋ," ಎಂದಳು ಅಕ್ಕ, ಕುದುರೆಯ ಕತ್ತು ಸವರುತ್ತ.

ಅಷ್ಟರಲ್ಲಿ ಧೂಳು ಮೆತ್ತಿದ ಮುಖದಲ್ಲೇ ಹೆಂಡತಿ ಲಾರಿಯಿಂದ ಎರಡು ಬಕೆಟ್ ಇಳಿಸಿಕೊಂಡು ಬಂದಳು. ಒಂದು ಕೈಯಲ್ಲಿ ಹೆಣ್ಣುಕುದುರೆ ತಳದವರೆಗೆ ನೆಕ್ಕಿ ಖಾಲಿ ಮಾಡಿದ ಸೀಳು ಬಕೆಟ್ಟು. ಅದನ್ನು ಎರಡೂ ಕೈಯಿಂದ ಅತ್ತಿಗೆಗೆ ಒಪ್ಪಿಸಬೇಕಾಗಿದ್ದರಿಂದ ಇನ್ನೊಂದು ಕೈಯಲ್ಲಿದ್ದ ತುಂಬಿದ ಬಕೆಟ್ಟನ್ನು ಗಂಡನ ಮುಂದೆ ಇಳಿಸಿದಳು.

"ಬೆಳಗಿನಿಂದ ನೀವೇನೂ ತಿಂದಿಲ್ಲ, ಊಟ ಮಾಡಿ," ಎಂದಳು. "ಅವಸರ ಬೇಡ. ಮೊದಲು ವಾಸನೆ ಪರಿಚಯ ಆಗಲಿ."