ಐದನೇ ನಂಬರಿನ ರಿಪೋರ್ಟು

ಐದನೇ ನಂಬರಿನ ಹಾಡು ಶುರುವಾದ ಕೂಡಲೇ ನೀತಾ ಕೈಯಲ್ಲಿದ್ದ ಚಕ್ಕುಲಿಯನ್ನು ವಾಪಸು ಪ್ಲೇಟಿಗೆ ಇಟ್ಟಳು. ಸ್ಪೀಕರಿನಿಂದ ಬರುತ್ತಿದ್ದದ್ದು ಅವಳದೇ ದನಿ. ಅಜ್ಜಿಯಿಂದ ಕಲಿತ ರಾಗಿ ಬೀಸುವ ಪದ, ಜೊತೆಗೆ ಪಕ್ಕದ ಮನೆಯ ಡ್ಯಾರಿಲ್ ಮೀಟುವ ಬ್ಯಾಂಜೋ. ಗರಾಜಿನಲ್ಲಿ ಪ್ರಾಕ್ಟೀಸ್ ಮಾಡುವಾಗ ಯಾರೋ ಕದ್ದು ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು. ಯಾರೋ ಏನು ಬಂತು, ಆ ಮಹಾನುಭಾವ ಪಕ್ಕದ ಕುರ್ಚಿಯಲ್ಲೇ ಬಗ್ಗಿ, ಬಿಚ್ಚದ ಶೂ ಲೇಸನ್ನು ಕಟ್ಟುವ ನಾಟಕ ಆಡುತ್ತಿದ್ದ. ಅವಳ ಗಂಡ ಅಮೋಘ್.

ಅಮೆರಿಕದ ಎಲಿಕಾಟ್ ಸಿಟಿಯ ಲೈಬ್ರರಿ ರೂಮಿನಲ್ಲಿ ತಿಂಗಳಿಗೊಂದು ಭಾನುವಾರ ಹತ್ತು ಹನ್ನೆರಡು ಕನ್ನಡಿಗರು ಸೇರಿ ತಮ್ಮಿಷ್ಟದ ಹಾಡು ಕೇಳಿಸುತ್ತಾರೆ. ಗಜಲ್, ರಾಕ್, ದೇವರನಾಮ, ಯಾವುದಾದರೂ ಸರಿ. ನಡೆಸುವವರು ಶಾರದಾ ಆಂಟಿ. ಈಗ ಎಪ್ಪತ್ತೊಂಬತ್ತು. ಆಸ್ಪತ್ರೆಯೊಂದರಲ್ಲಿ ನಲವತ್ತು ವರ್ಷ ಪೆಥಾಲಜಿಸ್ಟ್ ಆಗಿದ್ದವರು. ರೋಗಿಯ ಮುಖ ನೋಡದೆ, ಗಾಜಿನ ಸ್ಲೈಡಿನ ಮೇಲಿನ ನಂಬರ್ ಮಾತ್ರ ನೋಡಿ, ಗಡ್ಡೆ ಕೆಟ್ಟದ್ದೋ ಅಲ್ಲವೋ ಎಂದು ಬರೆದುಕೊಟ್ಟವರು. ಇಲ್ಲೂ ಅದೇ ಪದ್ಧತಿ. ಹಾಡನ್ನು ಅವರ ಮೊಮ್ಮಗಳು ಸುರಭಿಗೆ ಕಳಿಸಬೇಕು. ಅವಳು ಹೆಸರು ತೆಗೆದು ನಂಬರ್ ಹಾಕಿ ಅಜ್ಜಿಗೆ ಕೊಡುತ್ತಾಳೆ. ಆಂಟಿ ಮನೆಯಲ್ಲಿ ಕೇಳಿ, ರಿಪೋರ್ಟು ಬರೆದು ತಂದು, ಎಲ್ಲರೆದುರು ಓದುತ್ತಾರೆ. ಆಮೇಲೆ ಕಳಿಸಿದವರು ಎದ್ದು ನಿಂತು, ಅದು ತಮಗೆ ಯಾಕೆ ಇಷ್ಟ ಎಂದು ಹೇಳಬೇಕು. ಆಗಷ್ಟೇ ಗುಂಪಿನ ಗೋಪಿನಾಥರು ಕಳಿಸಿದ್ದ ಗಜಲ್ಲಿಗೆ, "ನಾಲ್ಕನೇ ನಂಬರ್. ಹೊರಗೆ ಊದಿಕೊಂಡಿದೆ, ಒಳಗೆ ಬರೀ ನೀರು" ಎಂದು ಓದಿದ್ದರು. ಮೂವತ್ತು ವರ್ಷದಿಂದ ಆ ಗಜಲ್ ಕೇಳಿ ಕಣ್ಣೊರೆಸಿಕೊಂಡಿದ್ದ ಗೋಪಿನಾಥರು ಇನ್ನೂ ಮುಖ ಗಂಟು ಹಾಕಿಕೊಂಡೇ ಕೂತಿದ್ದರು.

ಬರುವ ಶನಿವಾರ ನೀತಾ ಡ್ಯಾರಿಲ್‌ನ ತಂಡದ ಜೊತೆ ಊರಿನ ಪಾರ್ಕಿನ ಸ್ಟೇಜ್ ಮೇಲೆ ಇದೇ ಪದ ಹಾಡುವವಳಿದ್ದಳು. ಬ್ಯಾಂಜೋಗೆ ರಾಗಿ ಪದ! ಆಫೀಸಿನವರು, ಸಂಘದವರು ಎಲ್ಲ ಬರುತ್ತಾರೆ, ಮಾನ ಹರಾಜಾಗುತ್ತದೆ ಎಂದು ಅಮೋಘ್‌ಗೆ ವಾರದಿಂದ ಸಂಕಟ. ಬೇಡ ಎನ್ನುವ ಧೈರ್ಯವಂತೂ ಇಲ್ಲ. ಆ ಮಾತು ಆಂಟಿಯ ಬಾಯಿಂದಲೇ ಬಂದುಬಿಟ್ಟರೆ, ರಿಪೋರ್ಟು ಮನೆಗೆ ಒಯ್ದು ತೋರಿಸಿದರಾಯಿತು, ನೀತಾ ಕೇಳುತ್ತಾಳೆ, ತಾನು ಬಚಾವ್. ಭಾನುವಾರ ಅವಳಿಗೆ ಪ್ರಾಕ್ಟೀಸ್ ಇರುವುದರಿಂದ ಈ ಕಡೆ ತಲೆ ಹಾಕುವುದೂ ಇಲ್ಲ. ಆದರೆ ಈ ಭಾನುವಾರವೇ ಡ್ಯಾರಿಲ್‌ಗೆ ಜ್ವರ ಬರಬೇಕೆ!

"ನೀನಾ ಕಳಿಸಿದ್ದು?" ನೀತಾ ಪಿಸುಗುಟ್ಟಿದಳು.

"ಸರ್‌ಪ್ರೈಸ್ ಕೊಡೋಣ ಅಂತ..."

"ಸುಳ್ಳು ಹೇಳ್ಬೇಡ. ಕಿವಿ ಕೆಂಪಾಗಿದೆ ನೋಡ್ಕೋ."

"ಸ್ಟಾಪ್ ಮಾಡಿಸ್ಲಾ?"

"ಯಾಕೆ? ಓದ್ಲಿ. ನಾನೂ ಕೇಳ್ತೀನಿ."

ಹಾಗೆಂದಳೇ ಹೊರತು ಅವಳಿಗೂ ಅಳುಕಿತ್ತು. ಆಂಟಿ ಒಮ್ಮೆ ಇಲ್ಲ ಎಂದರೆ ಮುಗಿಯಿತು, ಶನಿವಾರ ತನ್ನ ಗಂಟಲಿಂದ ಸ್ವರ ಹೊರಡುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಾಡು ಮುಗಿಯಿತು. ಆಂಟಿ ಕನ್ನಡಕ ಏರಿಸಿಕೊಂಡು ಕಾಗದ ಬಿಡಿಸಿದರು. "ಐದನೇ ನಂಬರ್. ಎರಡನೇ ನುಡೀಲಿ ಶ್ರುತಿ ಕೂದಲೆಳೆಯಷ್ಟು ಜಾರಿದೆ. ಬ್ಯಾಂಜೋದವನಿಗೆ ಬಸ್ ತಪ್ಪಿಹೋಗುತ್ತೆ ಅನ್ನೋ ಹಾಗೆ ಅವಸರ." ಅಮೋಘ್ ಶೂ ಬಿಟ್ಟು ತಲೆ ಎತ್ತಿದ. "ಇವೆರಡೂ ತಿದ್ದಿಕೊಳ್ಳುವಂಥದ್ದು. ಮೂರನೇ ನುಡಿಗೆ ಬರೋ ಹೊತ್ತಿಗೆ ಈಕೆಗೆ ಯಾರು ಕೇಳ್ತಿದಾರೆ ಅನ್ನೋದೇ ಮರೆತುಹೋಗಿದೆ. ಕಲ್ಲು ತಿರುಗ್ತಿದೆ, ಹಿಟ್ಟು ಬೀಳ್ತಿದೆ. ನನಗೆ ಕೇಳಿಸ್ತು. ಹನ್ನೊಂದು ಸಲ ಹಾಕ್ಕೊಂಡು ಕೇಳಿದೆ. ಡಯಾಗ್ನೋಸಿಸ್: ಬೆಳೀತಾ ಇದೆ, ಕೆಟ್ಟದ್ದಲ್ಲ. ಯಾರೂ ಕತ್ತರಿ ಹಾಕಕೂಡದು." ಕಾಗದ ಮಡಿಸಿದರು. "ಕಳಿಸಿದವರು ಎದ್ದೇಳಿ. ಯಾಕೆ ಇಷ್ಟ, ಹೇಳಿ."

ಅಮೋಘ್ ಎದ್ದ. "ಇದು... ನಮ್ಮ ನೀತಾ ಹಾಡಿರೋದು, ಆಂಟಿ."

"ಓಹೋ! ಸಂತೋಷ. ನಿನಗೆ ಯಾಕೆ ಇಷ್ಟ?"

ಅಮೋಘ್ ಸೀಲಿಂಗ್ ನೋಡಿದ. ಗೋಪಿನಾಥರಿಗೆ ಈಗ ಸ್ವಲ್ಪ ಜೀವ ಬಂತು. "ಹೇಳಪ್ಪಾ, ನಾವೆಲ್ಲ ನಿಂತು ಹೇಳ್ಲಿಲ್ವಾ?" ಎಂದರು.

"ಇಷ್ಟ ಅಂತ ಕಳಿಸ್ಲಿಲ್ಲ ಆಂಟಿ," ಎಂದ ಅಮೋಘ್ ಕೊನೆಗೆ. "ಚೆನ್ನಾಗಿಲ್ಲ ಅಂತ ನೀವು ಹೇಳ್ತೀರಾ ಅಂದ್ಕೊಂಡೆ. ನನಗೇ ಹೇಳೋಕೆ ಧೈರ್ಯ ಬರ್ಲಿಲ್ಲ."

ಆಂಟಿ ಬೈಯಲೂ ಇಲ್ಲ, ನಗಲೂ ಇಲ್ಲ. ಕಾಗದವನ್ನು ಎತ್ತಿ ಹಿಡಿದು, "ಹಾಗಾದ್ರೆ ಈ ರಿಪೋರ್ಟು ಯಾರ ಕೈಗೆ ಕೊಡ್ಲಿ?" ಎಂದು ಕೇಳಿದರು.

"ನನ್ನ ಕೈಗೆ ಕೊಡಿ ಆಂಟಿ." ನೀತಾ ಎದ್ದು, ನೆಟ್ಟಗೆ ಹೋಗಿ ಕಾಗದ ಇಸಿದುಕೊಂಡಳು. ಹನ್ನೊಂದು ಸಲ! ಅವಳಿಗೆ ಅಲ್ಲೇ ಒಂದು ಸಲ ಕುಣಿದುಬಿಡೋಣ ಎನಿಸಿತು. ಕುಣಿಯಲಿಲ್ಲ. ಕಾಗದವನ್ನು ಪರ್ಸಿನಲ್ಲಿ ಇಟ್ಟುಕೊಂಡು, ಅದೇ ಪರ್ಸಿನಿಂದ ಪೆನ್ನು ತೆಗೆದು, ವಾಪಸು ಬಂದು ಇನ್ನೂ ನಿಂತೇ ಇದ್ದ ಗಂಡನ ಕೈಗಿಟ್ಟಳು. ಆಮೇಲೆ ಕೂತು, ಅರ್ಧಕ್ಕೆ ಬಿಟ್ಟಿದ್ದ ಚಕ್ಕುಲಿಯನ್ನು ಕಟುಮ್ಮನೆ ಕಡಿದಳು.

"ಶನಿವಾರ ಮೂರು ಗಂಟೆಗೆ ಮುಂದಿನ ಸಾಲಲ್ಲಿ ಕೂತ್ಕೊಂಡು ಕೇಳು. ಕೇಳಿ ರಿವ್ಯೂ ಬರಿ. ಚೆನ್ನಾಗಿಲ್ಲ ಅನ್ಸಿದ್ರೆ ಚೆನ್ನಾಗಿಲ್ಲ ಅಂತಾನೇ ಬರಿ. ಆದ್ರೆ ಕೆಳಗಡೆ ನಿನ್ನ ಹೆಸರು ಹಾಕು."