ನಗದಿರಲು ಅಪ್ಪಣೆ

ಊರಿನ ಬಾಗಿಲುಗಳೆಲ್ಲ ನಗುಮುಖ ಕಂಡರೆ ಮಾತ್ರ ತೆರೆದುಕೊಳ್ಳುತ್ತಿದ್ದ ಕಾಲ ಅದು. ಬಸ್ ಕಂಡಕ್ಟರ್ ಕಾಶೀಬಾಯಿಯ ಮುಖದ ಚರ್ಮ ಆರು ತಿಂಗಳಿಂದ ಬಿಗಿಯುತ್ತ ಬಂದು, ಈಗ ತುಟಿ ಅಗಲಿಸಲೂ ಆಗುತ್ತಿರಲಿಲ್ಲ. ಡಿಪೊದ ಬಾಗಿಲು ಅವಳನ್ನು ಹೊರಗೇ ನಿಲ್ಲಿಸಿತು. ಸೊಕ್ಕಿನ ಹೆಂಗಸು ಎಂದು ನೆರೆಯವರು ಮಾತು ಬಿಟ್ಟರು. ಕೊನೆಗೆ ಆಸ್ಪತ್ರೆಗೆ ಬಂದರೆ, ಅಲ್ಲಿನ ಬಾಗಿಲೂ ಒಪ್ಪಲಿಲ್ಲ.

"ಲಗೂನ ನಗು ಬೇ, ಹಿಂದ ಮಂದಿ ನಿಂತಾರ," ಎಂದು ಕಾವಲುಗಾರ ಗದರಿದ.

"ನಗಾಕ ಬರ್ತಿದ್ರ ಇಲ್ಲಿಗ್ಯಾಕ ಬರ್ತಿದ್ದೆ?"

ಅವನು ಬಾಗಿಲ ಮೇಲೆ ಮುಖ ನೋಡುವ ಕ್ಯಾಮೆರಾಕ್ಕೆ ತನ್ನ ಹಲ್ಲು ತೋರಿಸಿ ಬಾಗಿಲು ತೆರೆಸಿ, ಅವಳನ್ನು ಒಳಗೆ ದಬ್ಬಿದ.

ಡಾಕ್ಟರ್ ಪದ್ಮಾವತಿ ಹಂಚಾಟೆ ಅವಳ ಕೆನ್ನೆ, ಮುಂಗೈ ಚಿವುಟಿ ನೋಡಿದರು. ಚರ್ಮ ಮಡಿಕೆ ಬೀಳಲಿಲ್ಲ. ತಣ್ಣೀರಿಗೆ ಅದ್ದಿದ ಬೆರಳುಗಳು ಬಿಳಿಚಿಕೊಂಡು ನೀಲಿಗಟ್ಟಿದವು.

"ಚರ್ಮ ಗಟ್ಟಿಯಾಗೋ ರೋಗ ಇದು. ಗುಳಿಗಿ ಕೊಡ್ತೀನಿ, ಶ್ವಾಸಕೋಶಕ್ಕ ಹಬ್ಬದಂಗ ನೋಡ್ಕೊಳ್ಳೋಣ. ನಗದಿದ್ರೂ ಬಾಗಿಲು ತೆಗೆಯೋ ಹಂಗ ಚೀಟಿ ಬರೀತೀನಿ. ಎಷ್ಟು ದಿನಕ್ಕ ಬರೀಲಿ?"

ಕಾಶೀಬಾಯಿ ಡಿಪೊದವರನ್ನು, ನೆರೆಯವರನ್ನು, ಹೊರಗೆ ನಿಂತ ಆ ಕಾವಲುಗಾರನನ್ನು ನೆನೆದಳು.

"ಬಾಯಿ ಸಡ್ಲಾದ್ರೂ ಚೀಟಿ ರದ್ದಾಗಬಾರ್ದು. ಹಂಗ ಬರೀರಿ."

ಡಾಕ್ಟರ್ ಚೀಟಿಯಲ್ಲಿ 'ಜೀವನಪರ್ಯಂತ' ಎಂದು ಬರೆದರು.