ನಾನು ಸೇರಿಸಿದ ಒಂದು ಸಾಲು

ಸುಗುಣಾ, ಜೋಯಲ್, ಪುಸ್ತಕದೊಳಗೆ ಇಟ್ಟ ಬೇವಿನೆಲೆಯ ವಾಸನೆ ಬಂದರೆ ನನಗೆ ಇವತ್ತಿಗೂ ಹರಿಹರದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ತಂಗಿಗೆ ವಿಷಮಜ್ವರ ಬಂದಿತ್ತು. ಅಪ್ಪ ಔಷಧಿ ತರಲು ದಾವಣಗೆರೆಗೆ ಹೋಗಿದ್ದರು. ಅವರನ್ನು ಬಿಟ್ಟರೆ ಮನೆಯಲ್ಲಿ ಓದು ಬರುತ್ತಿದ್ದದ್ದು ನಾಲ್ಕನೇ ಕ್ಲಾಸಿನ ನನಗೊಬ್ಬಳಿಗೇ. ಅಜ್ಜಿ ನನ್ನ ಕೈ ತೊಳೆಸಿ, ಹುಳ ಹತ್ತದಂತೆ ಬೇವಿನೆಲೆ ಇಟ್ಟು ಬಟ್ಟೆ ಸುತ್ತಿದ್ದ ನಮ್ಮ ವೇದಪುಸ್ತಕ, ಅಂದರೆ ಬೈಬಲನ್ನು ಬಿಚ್ಚಿ, ಅದನ್ನು ನನ್ನ ಮಡಿಲಲ್ಲಿಟ್ಟಳು. ಒಂದು ಕೀರ್ತನೆ ಓದಿದೆ. ತಂಗಿಯ ಹಣೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದ ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಆ ಕಣ್ಣು ನೋಡಲಾಗದೆ ಕೊನೆಗೆ ನಾನೇ ಒಂದು ಸಾಲು ಸೇರಿಸಿದೆ: ನಿನ್ನ ಮಗಳನ್ನು ನಾನು ಉಳಿಸುವೆನು.

“ದೇವ್ರು ಹಂಗಂತ ಹೇಳ್ಯಾನಾ? ಇನ್ನೊಂದ್ಸಲ ಓದವ್ವ,” ಎಂದು ಅವ್ವ ಅಳುತ್ತಲೇ ನಕ್ಕಳು.

ಅಜ್ಜಿಗೆ ಅಕ್ಷರ ಬಾರದಿದ್ದರೂ ಆ ಕೀರ್ತನೆ ಬಾಯಿಪಾಠವಾಗಿತ್ತು. ನನ್ನನ್ನು ಹಿತ್ತಲಿಗೆ ಕರೆದಳು.

“ಅದು ದೇವ್ರ ಮಾತು ಕಣವ್ವ. ಉಪ್ಪು ಸಾಲ್ದು ಅಂತ ಸೇರ್ಸಾಕ ಸಾರೇನು? ಹೋಗಿ ನಿಜ ಹೇಳು.”

“ಅವ್ವ ಅಳ್ತಾಳೆ.”

“ಅಳ್ಲಿ. ನಾನೂ ಪಕ್ಕದಾಗ ಕೂಡ್ತೀನಿ.”

ಹೇಳಿದೆ. ಅವ್ವ ಬೈಯಲಿಲ್ಲ. ತಂಗಿಯ ಹಣೆಯ ಬಟ್ಟೆ ತೆಗೆದು ಮತ್ತೆ ನೀರಿಗೆ ಅದ್ದುತ್ತಾ, “ಇರೋದನ್ನೇ ಓದು,” ಎಂದಳು. ಮೊದಲಿನಿಂದ ಓದಿ, ಮುಗಿದ ಕಡೆ ನಿಲ್ಲಿಸಿದೆ. ಅವ್ವ ಮೆಲ್ಲಗೆ ಆಮೆನ್ ಎಂದಳು.

ಮೂರನೇ ದಿನ ತಂಗಿ ತೀರಿಕೊಂಡಳು. ಆಮೇಲೆ ನನ್ನ ಮದುವೆಯಾಗುವ ತನಕ ಅವ್ವ ವೇದ ಓದಲು ಅಪ್ಪನನ್ನು ಕರೆಯಲಿಲ್ಲ, ನನ್ನನ್ನೇ ಕರೆದಳು.

ನಾನು ಬರೆದಿಟ್ಟ ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ ಇಡಿ, ಮಕ್ಕಳೇ.